ಯಾವ ಬೋರ್ ತಗೊಳ್ಳಲಿ? .177ರಿಂದ .30-06 ತನಕ ಒಂದು ಲೆಕ್ಕಾಚಾರ

ಕೋವಿ ಲೈಸೆನ್ಸಿಗೆ ಅರ್ಜಿ ಹಾಕುವ ಮೊದಲೇ ಹುಟ್ಟುವ ಪ್ರಶ್ನೆ ಇದು. ಕೊಡಗು, ಸಕಲೇಶಪುರ, ಮೂಡಿಗೆರೆ, ತೀರ್ಥಹಳ್ಳಿ ಕಡೆಯ ಬೆಳೆಗಾರರು ಕೇಳುತ್ತಾರೆ. ಮಗಳನ್ನು ಶೂಟಿಂಗ್ ರೇಂಜಿಗೆ ಸೇರಿಸಲು ಹೊರಟ ಬೆಂಗಳೂರಿನ ಅಪ್ಪ-ಅಮ್ಮಂದಿರೂ ಕೇಳುತ್ತಾರೆ. ಯೂಟ್ಯೂಬ್ ತೆರೆದರೆ ಅಮೆರಿಕದವರು ಹತ್ತಾರು ಕ್ಯಾಲಿಬರ್‌ಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟುಕೊಂಡು ಜಿಂಕೆಗೆ ಯಾವುದು, ಕರಡಿಗೆ ಯಾವುದು ಅಂತ ವಾದ ಮಾಡುತ್ತಿರುತ್ತಾರೆ. ಆ ವಾದವನ್ನು ಹಾಗೇ ಇಲ್ಲಿಗೆ ತಂದರೆ ಉಪಯೋಗವಿಲ್ಲ. ಅಲ್ಲಿನ ಕಾಡು ಬೇರೆ, ಕಾನೂನು ಬೇರೆ, ಅಂಗಡಿಯಲ್ಲಿ ಸಿಗುವ ತೋಟೆಯೂ ಬೇರೆ.

ನಾನು ಹಲವು ವರ್ಷಗಳಿಂದ ಗುರಿ ಅಭ್ಯಾಸ ಮಾಡುತ್ತಾ ಬಂದವನು. ತೋಟದ ಕಾವಲಿನ ಕೋವಿಗಳನ್ನೂ ಹತ್ತಿರದಿಂದ ಬಲ್ಲೆ. ನಮ್ಮಲ್ಲಿ ನಿಜವಾಗಿ ಸಿಗುವ ಆಯ್ಕೆಗಳು ಯಾವುವು, ಒಂದಕ್ಕೊಂದು ಏನು ವ್ಯತ್ಯಾಸ, ಯಾವ ಕೆಲಸಕ್ಕೆ ಯಾವುದು ಎಂಬುದನ್ನು ಒಂದೇ ಕಡೆ ಬರೆದಿಡೋಣ ಅಂತ ಈ ಲೇಖನ.

ಬೋರ್ ಎಂಬ ಸಂಖ್ಯೆ ಏನು ಹೇಳುತ್ತದೆ?

ಬೋರ್ ಅಥವಾ ಕ್ಯಾಲಿಬರ್ ಅಂದರೆ ನಳಿಗೆಯ ಒಳಗಿನ ಅಗಲ. .22 ಅಂದರೆ ಒಂದು ಇಂಚಿನ ನೂರರಲ್ಲಿ 22 ಪಾಲು, ಅಂದಾಜು 5.6 ಮಿ.ಮೀ. .315 ಅಂದರೆ 8 ಮಿ.ಮೀ. .30-06ರಲ್ಲಿ .30 ಅನ್ನುವುದು ಅಗಲ. 06 ಅನ್ನುವುದು ಅಮೆರಿಕದ ಸೈನ್ಯ ಆ ತೋಟೆಯನ್ನು ಒಪ್ಪಿಕೊಂಡ 1906ನೇ ಇಸವಿ. ಹನ್ನೆರಡು ಬೋರಿನ ಲೆಕ್ಕ ಪೂರ್ತಿ ಬೇರೆ. ಒಂದು ಪೌಂಡ್ ಸೀಸದಿಂದ ಸಮನಾದ ಹನ್ನೆರಡು ಗುಂಡು ಮಾಡಿದರೆ ಒಂದು ಗುಂಡು ಎಷ್ಟು ದಪ್ಪ ಬರುತ್ತದೋ, ಆ ಕೋವಿಯ ನಳಿಗೆ ಅಷ್ಟು ಅಗಲ. ಅಂದರೆ ಸುಮಾರು 18.5 ಮಿ.ಮೀ. ಹಾಗಾಗಿ ಇಲ್ಲಿ ಸಂಖ್ಯೆ ಹೆಚ್ಚಾದಂತೆ ನಳಿಗೆ ಸಣ್ಣದಾಗುತ್ತದೆ.

ತುಂಬ ಜನ ಎಡವುವುದು ಒಂದು ಕಡೆ: ಅಗಲ ನೋಡಿ ಶಕ್ತಿ ಅಳೆಯುತ್ತಾರೆ. ರೇಂಜಿನಲ್ಲಿ ಬಳಸುವ .22 ಲಾಂಗ್ ರೈಫಲ್ ತೋಟೆಯ ಗುಂಡು ಮತ್ತು ಸೈನ್ಯದ 5.56 ಮಿ.ಮೀ. ಗುಂಡು ಅಗಲದಲ್ಲಿ ಹೆಚ್ಚುಕಡಿಮೆ ಒಂದೇ. ಮೊದಲನೆಯದು 2.6 ಗ್ರಾಂ ತೂಗುತ್ತದೆ, ಸೆಕೆಂಡಿಗೆ ಸುಮಾರು 325 ಮೀಟರ್ ಹೋಗುತ್ತದೆ. ಅದರ ಶಕ್ತಿ 140 ಜೂಲ್ ಆಸುಪಾಸು. ಎರಡನೆಯದು 4 ಗ್ರಾಂ, ಸೆಕೆಂಡಿಗೆ 900 ಮೀಟರಿಗೂ ಹೆಚ್ಚು. ಶಕ್ತಿ ಅದರ ಹತ್ತು ಪಟ್ಟಿಗಿಂತ ಜಾಸ್ತಿ. ಶಕ್ತಿ ಇರುವುದು ಗುಂಡಿನ ತೂಕದಲ್ಲಿ ಮತ್ತು ಅದನ್ನು ತಳ್ಳುವ ಮದ್ದಿನಲ್ಲಿ. ವೇಗ ಎರಡು ಪಟ್ಟಾದರೆ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಆದ್ದರಿಂದ "ಯಾವ ಬೋರ್" ಅಂತ ಕೇಳುವಾಗ "ಯಾವ ತೋಟೆ" ಅಂತಲೇ ಅರ್ಥ ಮಾಡಿಕೊಳ್ಳಬೇಕು.

ಮೊದಲ ಆಯ್ಕೆ ಕಾನೂನಿನದು

ನಮ್ಮ ದೇಶದಲ್ಲಿ ಬೋರ್ ಆಯ್ಕೆ ಮಾಡುವುದು ಮೊದಲು ಸರ್ಕಾರ, ಆಮೇಲೆ ನಾವು. ಇದು ಇಂದಿನ ಕಥೆಯೂ ಅಲ್ಲ. 20ನೇ ಶತಮಾನದ ಮೊದಲ ದಶಕದಲ್ಲಿ ಬ್ರಿಟಿಷರು ಭಾರತದಲ್ಲಿ .450 ಬೋರನ್ನು ನಿಷೇಧಿಸಿದರು. ತಮ್ಮ ಸೈನ್ಯದ ಹಳೆಯ ಮಾರ್ಟಿನಿ-ಹೆನ್ರಿ ರೈಫಲ್ಲುಗಳಿಗೆ ಆ ಗುಂಡು ಬಂಡುಕೋರರ ಕೈಯಲ್ಲಿ ಉಪಯೋಗಕ್ಕೆ ಬಂದೀತು ಅನ್ನುವ ಭಯ. ಆನೆ, ಹುಲಿಗೆ .450 ಬಳಸುತ್ತಿದ್ದ ಸಾಹೇಬರಿಗಾಗಿ ಇಂಗ್ಲೆಂಡಿನ ಬಂದೂಕು ತಯಾರಕರು .470, .465 ಮುಂತಾದ ಹೊಸ ಬೋರ್‌ಗಳನ್ನೇ ಹುಟ್ಟುಹಾಕಬೇಕಾಯಿತು. ಕಾನೂನು ತಪ್ಪಿಸಿಕೊಳ್ಳಲು ಹುಟ್ಟಿದ .470 ಆಮೇಲೆ ಆಫ್ರಿಕಾದಲ್ಲೂ ಹೆಸರು ಮಾಡಿತು.

ಸ್ವಾತಂತ್ರ್ಯ ಬಂದ ಮೇಲೂ ತರ್ಕ ಬದಲಾಗಲಿಲ್ಲ. ಸೈನ್ಯ, ಪೊಲೀಸರ ತೋಟೆ ಹಾಕಿ ಹೊಡೆಯಬಹುದಾದ ಯಾವ ಕೋವಿಯೂ ಸಾಮಾನ್ಯ ಜನರಿಗೆ ಸಿಗದಂತೆ 1959ರ ಶಸ್ತ್ರಾಸ್ತ್ರ ಕಾಯ್ದೆ ಮತ್ತು ಅದರ ನಿಯಮಗಳು ನೋಡಿಕೊಂಡವು. .303, 7.62 ಮಿ.ಮೀ., ಪಿಸ್ತೂಲಿನಲ್ಲಿ 9 ಮಿ.ಮೀ. ಇವೆಲ್ಲ 'ಪ್ರೊಹಿಬಿಟೆಡ್ ಬೋರ್' ಅಂದರೆ ನಿಷೇಧಿತ ಪಟ್ಟಿಗೆ ಸೇರಿದ್ದು ಹೀಗೆ. ಅಮೆರಿಕದಲ್ಲಿ ಮನೆಮಾತಾದ .308 ನಮ್ಮಲ್ಲಿ ಸಿಗದೇ ಇರುವುದಕ್ಕೂ ಇದೇ ಕಾರಣ. ಅದರಲ್ಲಿ ಸೈನ್ಯದ 7.62×51 ತೋಟೆ ಕೂರುತ್ತದೆ. ಅಷ್ಟೇ ಅಗಲದ ಗುಂಡಿರುವ .30-06ಗೆ ಅನುಮತಿ ಇದೆ, ಯಾಕೆಂದರೆ ಅದರ ತೋಟೆಯ ಕೇಸ್ 63 ಮಿ.ಮೀ. ಉದ್ದ, ಸೈನ್ಯದ ತೋಟೆ ಅದರಲ್ಲಿ ಸರಿಯಾಗಿ ಕೂರುವುದಿಲ್ಲ.

ನಮ್ಮದೇ ಆದ .315ರ ಕಥೆಯೂ ಇದೇ ದಾರಿಯದು. ಇದರ ಮೂಲ 19ನೇ ಶತಮಾನದ ಕೊನೆಯಲ್ಲಿ ಆಸ್ಟ್ರಿಯಾ-ಹಂಗೆರಿ ಸೈನ್ಯ ಬಳಸುತ್ತಿದ್ದ 8×50 ಮ್ಯಾನ್‌ಲಿಕರ್ ತೋಟೆ. ಭಾರತದಲ್ಲಿ ಯಾವ ಸೈನ್ಯವೂ ಅದನ್ನು ಬಳಸದ ಕಾರಣ ಜನಸಾಮಾನ್ಯರಿಗೆ ಕೊಡಲು ಅದು ಸೂಕ್ತ ಎನಿಸಿತು. ಇಶಾಪುರದ ರೈಫಲ್ ಫ್ಯಾಕ್ಟರಿ .303ರ ಲೀ-ಎನ್‌ಫೀಲ್ಡ್ ಮಾದರಿಯಲ್ಲೇ .315 ಸ್ಪೋರ್ಟಿಂಗ್ ರೈಫಲ್ ತಯಾರಿಸಿತು. ಯುರೋಪಿನಲ್ಲಿ ಮರೆತೇ ಹೋದ ತೋಟೆಯೊಂದು ನಮ್ಮ ಹಳ್ಳಿಗಳಲ್ಲಿ ಇವತ್ತಿಗೂ ಓಡಾಡುತ್ತಿದೆ.

2019ರ ತಿದ್ದುಪಡಿಯ ನಂತರ ಒಬ್ಬರ ಲೈಸೆನ್ಸಿನಲ್ಲಿ ಮೂರರ ಬದಲು ಎರಡೇ ಕೋವಿ ಇಟ್ಟುಕೊಳ್ಳಬಹುದು. ಲೈಸೆನ್ಸಿನ ಅವಧಿ ಮಾತ್ರ ಮೂರರಿಂದ ಐದು ವರ್ಷಕ್ಕೆ ಏರಿದೆ. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಬ್ರಿಟಿಷರ ಕಾಲದಿಂದಲೂ ಲೈಸೆನ್ಸಿನ ವಿನಾಯಿತಿ ಇದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು ಮತ್ತೆ ಹತ್ತು ವರ್ಷಕ್ಕೆ ವಿಸ್ತರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಆದರೆ ಈ ವಿನಾಯಿತಿ ಇರುವುದು ಕೋವಿ ಇಟ್ಟುಕೊಳ್ಳುವುದಕ್ಕೆ. ಬೇಟೆಗೆ ಯಾರಿಗೂ ವಿನಾಯಿತಿ ಇಲ್ಲ.

ಶಿಕಾರಿಯ ಮಾತು

ಇದನ್ನು ಬಿಡಿಸಿ ಹೇಳದೆ ಮುಂದೆ ಹೋಗುವಂತಿಲ್ಲ. ಜಿಮ್ ಕಾರ್ಬೆಟ್ ಬಳಸುತ್ತಿದ್ದ .275 ರಿಗ್ಬಿ, ಬೆಂಗಳೂರಿನ ಕೆನೆತ್ ಆಂಡರ್ಸನ್ ಹೆಗಲ ಮೇಲಿದ್ದ .405 ವಿಂಚೆಸ್ಟರ್, ಇವುಗಳ ಬಗ್ಗೆ ಓದುವುದು ಖುಷಿಯ ವಿಷಯ. ಆದರೆ ಆ ಕಾಲ ಮುಗಿಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಮೊದಲು ಲೈಸೆನ್ಸ್ ಪಡೆದು ಬೇಟೆಯಾಡಲು ಅವಕಾಶವಿತ್ತು. 1991ರ ತಿದ್ದುಪಡಿ ಅದನ್ನೂ ತೆಗೆದುಹಾಕಿತು. ಇವತ್ತು ಮೋಜಿಗೋ ಮಾಂಸಕ್ಕೋ ಕಾಡುಪ್ರಾಣಿ ಹೊಡೆಯುವುದು ಅಪರಾಧ. ಮೊದಲನೇ ಶೆಡ್ಯೂಲಿನ ಪ್ರಾಣಿಯಾದರೆ ಮೂರರಿಂದ ಏಳು ವರ್ಷದವರೆಗೆ ಜೈಲು.

ಹಾಗಾದರೆ ರೈತನಿಗೆ ದಾರಿಯೇ ಇಲ್ಲವೇ? ಇದೆ, ಆದರೆ ಕಿರಿದು. ಕಾಡುಹಂದಿ ಈಗ ಎರಡನೇ ಶೆಡ್ಯೂಲಿನಲ್ಲಿದೆ. ಆ ಶೆಡ್ಯೂಲಿನ ಪ್ರಾಣಿ ಮನುಷ್ಯರ ಜೀವಕ್ಕೆ ಅಥವಾ ನಿಂತ ಬೆಳೆಗೆ ಅಪಾಯ ತಂದಾಗ, ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರಿಂದ ಅಧಿಕಾರ ಪಡೆದವರು ಕಾರಣ ಬರೆದು ಲಿಖಿತ ಅನುಮತಿ ಕೊಡಬಹುದು. ಇದು ಕಾಯ್ದೆಯ 11ನೇ ಸೆಕ್ಷನ್. ಪ್ರಾಣ ಉಳಿಸಿಕೊಳ್ಳಲು ಸದ್ಭಾವನೆಯಿಂದ ಹೊಡೆದರೂ ಅಪರಾಧವಲ್ಲ. ಎರಡೂ ಸಂದರ್ಭದಲ್ಲಿ ಸತ್ತ ಪ್ರಾಣಿ ಸರ್ಕಾರದ ಆಸ್ತಿ. ಮನೆಗೆ ತಂದು ಸಾರು ಮಾಡುವ ಹಾಗಿಲ್ಲ. ಪಕ್ಕದ ಕೇರಳ 2022ರಲ್ಲಿ ಈ ಅನುಮತಿ ಕೊಡುವ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳ ಮುಖ್ಯಸ್ಥರಿಗೇ ಕೊಟ್ಟಿತು. ಅಲ್ಲಿ ಲೈಸೆನ್ಸ್ ಇರುವ ಕೋವಿದಾರರನ್ನು ಈ ಕೆಲಸಕ್ಕೆ ಕರೆಯುತ್ತಾರೆ.

ಆದ್ದರಿಂದ ನಮ್ಮಲ್ಲಿ "ಬೇಟೆಗೆ ಯಾವ ಬೋರ್" ಅನ್ನುವ ಪ್ರಶ್ನೆ ಉಳಿದಿರುವುದು ಬೆಳೆ ರಕ್ಷಣೆಯ ಕೋವಿಯಲ್ಲಿ ಮಾತ್ರ. ಮಿಕ್ಕಿದ್ದೆಲ್ಲ ಗುರಿ ಹೊಡೆಯುವ ಆಟದ ಪ್ರಶ್ನೆ.

ಗುರಿ ಆಟಕ್ಕೆ: .177, ಆಮೇಲೆ .22

ಇಲ್ಲಿ ಉತ್ತರ ಸುಲಭ. .177 ಏರ್ ರೈಫಲ್‌ನಿಂದ ಶುರು ಮಾಡಿ. 4.5 ಮಿ.ಮೀ. ಪೆಲೆಟ್, ಮದ್ದಿನ ಬದಲು ಗಾಳಿಯ ಒತ್ತಡ. 20 ಜೂಲ್ ಮೀರದ .177 ಏರ್ ಗನ್ನಿಗೆ ಲೈಸೆನ್ಸ್ ಬೇಕಿಲ್ಲ. ಅಭಿನವ್ ಬಿಂದ್ರಾ 2008ರಲ್ಲಿ ಬೀಜಿಂಗ್‌ನಲ್ಲಿ ಚಿನ್ನ ಗೆದ್ದದ್ದು ಇದೇ ಬೋರಿನಲ್ಲಿ, 10 ಮೀಟರ್ ದೂರದಿಂದ. ಆ ಗುರಿಯ ನಟ್ಟನಡುವಿನ ಹತ್ತು ಅಂಕದ ಚುಕ್ಕೆ ಬರೀ ಅರ್ಧ ಮಿ.ಮೀ. ಅಗಲ. "ಏರ್ ಗನ್ನಾ, ಮಕ್ಕಳಾಟ" ಅನ್ನುವವರು ಒಮ್ಮೆ ನಿಂತು ಅರವತ್ತು ಈಡು ಹೊಡೆದು ನೋಡಬೇಕು. ಒಂದು ಎಚ್ಚರಿಕೆ: ಲೈಸೆನ್ಸ್ ಬೇಡ ಅಂದ ಮಾತ್ರಕ್ಕೆ ಹಕ್ಕಿಗೆ ಹೊಡೆಯಬಹುದು ಅಂತಲ್ಲ. ವನ್ಯಜೀವಿ ಕಾಯ್ದೆ ಕೋವಿಯ ಬೋರ್ ಕೇಳುವುದಿಲ್ಲ.

ಕೈ ಕುದುರಿದ ಮೇಲೆ .22 ಲಾಂಗ್ ರೈಫಲ್. 50 ಮೀಟರ್ ಸ್ಪರ್ಧೆಗಳು ಇದರಲ್ಲೇ ನಡೆಯುತ್ತವೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಸ್ವಪ್ನಿಲ್ ಕುಸಾಳೆ ಕಂಚು ಗೆದ್ದದ್ದು 50 ಮೀಟರ್ ರೈಫಲ್ ತ್ರೀ ಪೊಸಿಷನ್ಸ್‌ನಲ್ಲಿ. ಇಲ್ಲಿ ಹತ್ತರ ವೃತ್ತ 10.4 ಮಿ.ಮೀ. ಸ್ಪರ್ಧೆಯ ಒಳ್ಳೆಯ .22 ತೋಟೆಗಳು ಬೇಕೆಂದೇ ಶಬ್ದದ ವೇಗಕ್ಕಿಂತ ಸ್ವಲ್ಪ ಕಡಿಮೆ ವೇಗದವು. ಶಬ್ದದ ವೇಗ ದಾಟಿ ಹೊರಟ ಗುಂಡು ದಾರಿಯಲ್ಲಿ ಮತ್ತೆ ಅದರ ಕೆಳಗೆ ಇಳಿಯುವಾಗ ಅಲುಗುತ್ತದೆ, ಗುರಿ ಚೆದುರುತ್ತದೆ. ಹಾಗಾಗಿ ಅಂಗಡಿಯಲ್ಲಿ "ಹೈ ವೆಲಾಸಿಟಿ" ಅಂತ ಬರೆದ ಡಬ್ಬಿ ಕಂಡರೆ ಅದೇ ಉತ್ತಮ ಅಂದುಕೊಳ್ಳಬೇಡಿ.

.22ರ ದೊಡ್ಡ ಗುಣ ಅದರ ಒದೆತ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ ಇರುವುದು. ಒದೆಯುವ ಕೋವಿಯಲ್ಲಿ ಕಲಿತವರು ಟ್ರಿಗರ್ ಒತ್ತುವ ಮೊದಲೇ ಕಣ್ಣು ಮುಚ್ಚಿ ಭುಜ ಸೆಟೆಸುತ್ತಾರೆ. ಆ ಚಾಳಿ ಒಮ್ಮೆ ಅಂಟಿದರೆ ಬಿಡಿಸುವುದು ಕಷ್ಟ. ಕೊಡಗಿನಲ್ಲಿ ಕೈಲ್‌ಪೊಳ್ದ್ ಸಮಯಕ್ಕೆ ನಡೆಯುವ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗಳಲ್ಲಿ .22, ಹನ್ನೆರಡು ಬೋರ್, ಏರ್ ಗನ್ ಅಂತ ಬೇರೆ ಬೇರೆ ವಿಭಾಗ ಇಡುವುದುಂಟು. ಹೊಸಬರು ಯಾವುದರಲ್ಲಿ ಇಳಿಯಲಿ ಅಂದರೆ ನಾನು ಏರ್ ಗನ್, .22 ಎಂದೇ ಹೇಳುತ್ತೇನೆ.

300 ಮೀಟರ್ ದೊಡ್ಡ ಬೋರಿನ ಆಟವೂ ಇದೆ. ಅದರಲ್ಲಿ 8 ಮಿ.ಮೀ. ತನಕ ಅವಕಾಶ. ಆದರೆ ಅದಕ್ಕೆ ರೇಂಜ್ ಬೇಕು, ಪರದೇಶದ ರೈಫಲ್ ಬೇಕು, ತೋಟೆಗೆ ದುಡ್ಡು ಬೇಕು. ಮೊದಲ ಐದು ವರ್ಷ ಅದರ ಯೋಚನೆ ಬೇಡ.

ಬೆಳೆ ಕಾವಲಿಗೆ: ಮೂರರಲ್ಲಿ ಒಂದು

ಮೊದಲು ಒಂದು ಮಾತು: .22 ಈ ಕೆಲಸಕ್ಕಲ್ಲ. ಜರ್ಮನಿಯಲ್ಲಿ ಬೇಟೆ ಕಾನೂನುಬದ್ಧ, ಹಾಗಾಗಿ ಅಲ್ಲಿ ಕನಿಷ್ಠ ಶಕ್ತಿಯನ್ನೂ ಕಾನೂನೇ ಗೊತ್ತುಮಾಡಿದೆ. ಕಾಡುಹಂದಿಗೆ ಕನಿಷ್ಠ 6.5 ಮಿ.ಮೀ. ಗುಂಡು, 100 ಮೀಟರ್ ದೂರದಲ್ಲಿ 2000 ಜೂಲ್ ಶಕ್ತಿ ಉಳಿದಿರಬೇಕು. ನಮ್ಮ .22ಗೆ ನಳಿಗೆಯ ಬಾಯಲ್ಲೇ ಇರುವುದು 140. ಅದರಲ್ಲಿ ಹಂದಿಗೆ ಹೊಡೆದರೆ ಹಂದಿ ಸಾಯುವುದಿಲ್ಲ. ಗಾಯಗೊಂಡು ಪೊದೆ ಸೇರುತ್ತದೆ, ದಿನಗಟ್ಟಲೆ ನರಳುತ್ತದೆ. ಬೆಳಗ್ಗೆ ಕಾಫಿ ಕೊಯ್ಯಲು ಬಂದವರ ಮೇಲೆ ಎರಗುತ್ತದೆ.

ಹನ್ನೆರಡು ಬೋರ್: ಮಲೆನಾಡಿನಲ್ಲಿ ಅತಿ ಹೆಚ್ಚು ಕಾಣುವ ಒಂಟಿ ಅಥವಾ ಜೋಡುನಳಿಗೆ ಕೋವಿ. ಒಂದೇ ಕೋವಿಗೆ ಹಲವು ತೋಟೆ: ಸಣ್ಣ ಚರೆ, ದೊಡ್ಡ ಚರೆ, ಒಂಟಿ ಗುಂಡು. ಪ್ರಾಣಿ ಓಡಿಸಲು ಗಾಳಿಯಲ್ಲಿ ಶಬ್ದ ಮಾಡುವುದೇ ಬಹುಪಾಲು ಕೆಲಸ. ಅದಕ್ಕೆ ಇದಕ್ಕಿಂತ ಬೇರೆ ಬೇಕಿಲ್ಲ. ಚರೆಯ ಪರಿಣಾಮ 30-40 ಮೀಟರಿಗೆ ಮುಗಿಯುತ್ತದೆ. ಒಂಟಿ ಗುಂಡು ಇನ್ನೂ ಸ್ವಲ್ಪ ದೂರಕ್ಕೆ ಸರಿ. ಗಿಡ, ಬೇಲಿ, ಲೈನ್ ಮನೆ ಒತ್ತಾಗಿರುವ ತೋಟದಲ್ಲಿ ನೋಟ ಹೋಗುವುದೇ ಐವತ್ತು ಮೀಟರ್. ಹಾಗಾಗಿ ಈ ಮಿತಿ ಕೊರತೆಯಲ್ಲ, ಅನುಕೂಲ.

.315: ಮೂಲ ತೋಟೆಯಲ್ಲಿ 15.8 ಗ್ರಾಂ ಗುಂಡು, ಸೆಕೆಂಡಿಗೆ ಸುಮಾರು 620 ಮೀಟರ್. ಅಂದಾಜು 3000 ಜೂಲ್. ತೂಕದ, ನಿಧಾನದ ಗುಂಡು. ನೂರು ಮೀಟರ್ ಒಳಗೆ ಹಂದಿಗೆ ಧಾರಾಳ ಸಾಕು. 100 ಮೀಟರಿಗೆ ಗುರಿ ಹೊಂದಿಸಿಟ್ಟರೆ 200 ಮೀಟರಿನಲ್ಲಿ ಗುಂಡು ಸುಮಾರು ಒಂದು ಅಡಿ ಕೆಳಗೆ ಬೀಳುತ್ತದೆ. ಇದು ದೂರದ ಆಟದ ರೈಫಲ್ ಅಲ್ಲ.

.30-06: 9.7 ಗ್ರಾಂ ಗುಂಡು ಸೆಕೆಂಡಿಗೆ 880 ಮೀಟರ್ ಆಸುಪಾಸು, 3800 ಜೂಲ್. ಮೇಲಿನಷ್ಟೇ ದೂರಕ್ಕೆ ಬೀಳುವುದು ಹತ್ತು ಸೆಂ.ಮೀ. ಆಸುಪಾಸು ಮಾತ್ರ. ನೇರ, ಚೂಪು, ಬಲಿಷ್ಠ. ಜಗತ್ತಿನ ಹಲವು ಬೇಟೆಗಾರರು ಮೆಚ್ಚುವ ತೋಟೆ. ಇದರ ಒದೆತವೂ ಜೋರು. ವಿಶಾಲ ಬಯಲಿನಲ್ಲಿ, ಹಿಂದೆ ಮಣ್ಣಿನ ಗುಡ್ಡ ಇರುವಲ್ಲಿ, ತರಬೇತಿ ಆದವರ ಕೈಯಲ್ಲಿ ಇದು ಅತ್ಯುತ್ತಮ. ಹತ್ತು ಎಕರೆ ತೋಟಕ್ಕೆ, ವರ್ಷಕ್ಕೆ ನಾಲ್ಕು ಈಡು ಹೊಡೆಯುವವರಿಗೆ ಇದು ಬೇಡ ಅನ್ನುವುದು ನನ್ನ ಅಭಿಪ್ರಾಯ.

ತಪ್ಪಿದ ಗುಂಡು ಎಲ್ಲಿ ಹೋಗುತ್ತದೆ?

ಬೋರ್ ಬಗ್ಗೆ ಮಾತಾಡುವವರು ತಾಗಿದ ಗುಂಡಿನ ಬಗ್ಗೆ ಮಾತ್ರ ಮಾತಾಡುತ್ತಾರೆ. ನಮ್ಮಂಥ ಜನನಿಬಿಡ ಊರುಗಳಲ್ಲಿ ಯೋಚಿಸಬೇಕಾದದ್ದು ತಾಗದೆ ಹೋದ ಗುಂಡಿನ ಬಗ್ಗೆ. ಆಟದ್ದು ಅನ್ನಿಸುವ .22 ಗುಂಡೇ ಒಂದೂವರೆ ಕಿ.ಮೀ. ದೂರ ಹೋಗಬಲ್ಲದು. .30-06 ಗುಂಡು ಮೂರು ಕಿ.ಮೀ. ದಾಟಬಲ್ಲದು. ನಿಮ್ಮ ತೋಟದಿಂದ ಮೂರು ಕಿ.ಮೀ. ಸುತ್ತಳತೆಯಲ್ಲಿ ಎಷ್ಟು ಮನೆ, ಎಷ್ಟು ಶಾಲೆ, ಎಷ್ಟು ರಸ್ತೆ ಇದೆ ಅಂತ ಒಮ್ಮೆ ನಕ್ಷೆ ತೆಗೆದು ನೋಡಿ. ಸಣ್ಣ ಚರೆಯಾದರೆ ಕೆಲವು ನೂರು ಮೀಟರಿಗೆ ಉದುರಿಹೋಗುತ್ತದೆ.

"ಕಾಡುಹಂದಿ ಅಂತ ತಿಳಿದು ಗುಂಡು, ವ್ಯಕ್ತಿ ಸಾವು" ಅನ್ನುವ ಸುದ್ದಿ ಮಲೆನಾಡಿನವರಿಗೆ ಹೊಸದಲ್ಲ. ರಾತ್ರಿ, ಟಾರ್ಚಿನ ಬೆಳಕು, ಪೊದೆಯಲ್ಲಿ ಸದ್ದು, ಈಡು. ಸತ್ತವರು ಹೆಚ್ಚಾಗಿ ಜೊತೆಗೆ ಬಂದವರು, ಪಕ್ಕದ ತೋಟದವರು, ಕೂಲಿಗೆ ಬಂದವರು. ಇಂಥ ಸಾವನ್ನು ಯಾವ ಬೋರೂ ತಪ್ಪಿಸುವುದಿಲ್ಲ. ಪೂರ್ತಿ ಕಣ್ಣಿಗೆ ಕಾಣದ್ದಕ್ಕೆ ಹೊಡೆಯಬಾರದು, ಗುರಿಯ ಹಿಂದೆ ಮಣ್ಣು ಇಲ್ಲದಿದ್ದರೆ ಹೊಡೆಯಬಾರದು. ಏರುಮುಖವಾಗಿ ರೈಫಲ್ ಹೊಡೆಯಲೇಬಾರದು. ಇಳಿಜಾರಿನ ಮೇಲಿಂದ ಕೆಳಗೆ ನೋಡಿ ಹೊಡೆದರೆ ಗುಂಡು ನೆಲ ಸೇರುತ್ತದೆ. ಕೆಳಗಿಂದ ಮೇಲಕ್ಕೆ ಹೊಡೆದರೆ ಗುಡ್ಡದ ಆಚೆ ಬೀಳುತ್ತದೆ.

ಇಲ್ಲಿ ಸರ್ಕಾರಕ್ಕೂ ಒಂದು ಮಾತು ಹೇಳಬೇಕು. ಪ್ರತಿ ಚುನಾವಣೆಗೆ ರೈತರ ಕೋವಿಯನ್ನು ಠಾಣೆಗೆ ತಂದಿಡಿ ಅನ್ನುತ್ತಾರೆ. ಭತ್ತ ತೆನೆಗಟ್ಟಿದ ಸಮಯವೇ ಆಗಲಿ, ಕಾಫಿ ಹಣ್ಣಾದ ಸಮಯವೇ ಆಗಲಿ, ಲೆಕ್ಕವಿಲ್ಲ. ಕೋವಿ ಎಲ್ಲಿದೆ ಎಂಬುದರ ಬಗ್ಗೆ ಇರುವ ಕಾಳಜಿಯಲ್ಲಿ ಕಾಲು ಭಾಗವಾದರೂ ಅದನ್ನು ಹಿಡಿದವರಿಗೆ ಹೊಡೆಯಲು ಬರುತ್ತದೆಯೇ ಎಂಬುದರ ಬಗ್ಗೆ ಇರಬೇಕಿತ್ತು. 2016ರ ನಿಯಮಗಳು ಸುರಕ್ಷತಾ ತರಬೇತಿಯ ಮಾತಾಡುತ್ತವೆ. ಜಿಲ್ಲಾ ಪೊಲೀಸರು ನಾಗರಿಕ ಬಂದೂಕು ತರಬೇತಿ ಶಿಬಿರಗಳನ್ನೂ ನಡೆಸುತ್ತಾರೆ. ಅದನ್ನೇ ವಿಸ್ತರಿಸಿ, ಐದು ವರ್ಷಕ್ಕೊಮ್ಮೆ ಲೈಸೆನ್ಸ್ ನವೀಕರಣಕ್ಕೆ ಬಂದವರಿಗೆ ಪೊಲೀಸ್ ರೇಂಜಿನಲ್ಲಿ ಅವರದೇ ಕೋವಿಯಿಂದ ಹತ್ತು ಈಡು ಹೊಡೆಸಿ ನೋಡಲಿ. ಯಾರ ಕೋವಿ ಎಲ್ಲಿಗೆ ಹೊಡೆಯುತ್ತದೆ ಅನ್ನುವುದು ಅವರಿಗೂ ಗೊತ್ತಾಗುತ್ತದೆ, ಪೊಲೀಸರಿಗೂ ಗೊತ್ತಾಗುತ್ತದೆ.

ಕೊನೆಗೆ, ಯಾರಿಗೆ ಯಾವುದು

- ಆಟ ಕಲಿಯುವ ಮಕ್ಕಳು, ಹೊಸಬರು: .177 ಏರ್ ರೈಫಲ್, ಕನಿಷ್ಠ ಎರಡು ವರ್ಷ.
- ಸ್ಪರ್ಧೆಗೆ ಮುಂದುವರಿಯುವವರು: .22, ನಿಧಾನ ವೇಗದ ಮ್ಯಾಚ್ ತೋಟೆ. ಕೊಳ್ಳುವ ಮೊದಲು ಕ್ಲಬ್ಬಿನ ರೈಫಲ್ ಬಳಸಿ.
- ಸಣ್ಣ ತೋಟ, ಸುತ್ತ ಮನೆಗಳು: ಹನ್ನೆರಡು ಬೋರ್.
- ದೊಡ್ಡ ಹಿಡುವಳಿ, ಕಾಡಂಚು, ಅನುಮತಿ ಸಿಕ್ಕಾಗ ಹೊಡೆಯಬೇಕಾದೀತು ಅನ್ನುವವರು: .315. ತೋಟೆ ದೇಶದಲ್ಲೇ ತಯಾರಾಗುತ್ತದೆ.
- .30-06: ಅಭ್ಯಾಸಕ್ಕೆ ರೇಂಜ್, ಗುರಿಯ ಹಿಂದೆ ಗುಡ್ಡ, ಎರಡೂ ಇದ್ದವರಿಗೆ ಮಾತ್ರ.

ಯಾವುದೇ ಕೊಂಡರೂ, ಕೋವಿಗೆ ಇಟ್ಟ ದುಡ್ಡಿನಲ್ಲಿ ಒಂದು ಪಾಲನ್ನು ಅಭ್ಯಾಸದ ತೋಟೆಗೆ, ಇನ್ನೊಂದು ಪಾಲನ್ನು ಬೀಗವಿರುವ ಗಟ್ಟಿ ಕಪಾಟಿಗೆ ತೆಗೆದಿಡಿ. ಅವೆರಡಕ್ಕೆ ದುಡ್ಡು ಉಳಿಯದಿದ್ದರೆ ಆ ಕೋವಿ ನಿಮ್ಮ ಕೈಗೆ ದುಬಾರಿ ಎಂದೇ ಅರ್ಥ.